ಹಳೆಯ ಗಾಡಿ, ಹೊಸ ಗಾಡಿ ಮತ್ತು ಹೇಳಬೇಕಾದ ಮಾತು

ಎತ್ತು ಕೊಳ್ಳುವುದು ನಮ್ಮ ಭಾಗದ ಮನೆಗಳಲ್ಲಿ ಎಂದೂ ಒಬ್ಬರ ನಿರ್ಧಾರವಾಗಿರಲಿಲ್ಲ. ಹಡಗಲಿಯ ಕಡೆಯವರಾಗಲಿ, ಹರಪನಹಳ್ಳಿಯ ಕಡೆಯವರಾಗಲಿ, ದನದ ಸಂತೆಗೆ ಹೊರಡುವ ಮುನ್ನ ಮನೆಯ ಹಿರಿಯರೆಲ್ಲ ಕುಳಿತು ಮಾತನಾಡುತ್ತಿದ್ದರು. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುವುದು, ಮೈಮೇಲಿನ ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸುವುದು, ಕೊನೆಗೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುವುದು, ಇದೆಲ್ಲ ಒಂದು ಶಾಸ್ತ್ರವೇ ಆಗಿತ್ತು. ಇಂದು ಅಷ್ಟೇ ಗಾಂಭೀರ್ಯದಿಂದ ಮನೆಯ ಜಗುಲಿಯ ಮೇಲೆ ಚರ್ಚೆಯಾಗುವ ವಸ್ತು ಮೋಟಾರ್ ಸೈಕಲ್. ಅದರಲ್ಲೂ, ಒಬ್ಬರು ಓಡಿಸಿ ಮಾರುವ ಮೋಟಾರ್ ಸೈಕಲ್. ಹೊಸ ಗಾಡಿಯನ್ನು ಕೊಳ್ಳಲು ಹಣ ಬೇಕು. ಬಳಸಿದ ಗಾಡಿಯನ್ನು ಕೊಳ್ಳಲು ಹಣದ ಜೊತೆಗೆ ಇನ್ನೊಬ್ಬರ ಮಾತಿನ ಮೇಲೆ ನಂಬಿಕೆಯೂ ಬೇಕು.

ಪರಿಚಿತ ಕುಟುಂಬವೊಂದರ ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ. ತಿಂಗಳಿಗೊಮ್ಮೆಯಾದರೂ ಚಿತ್ರದುರ್ಗ ದಾಟಿ, ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಕೂಡ್ಲಿಗಿಯ ಮೇಲಿಂದ ಊರಿಗೆ ಬರುತ್ತಾನೆ. ದೂರದ ಪ್ರಯಾಣಕ್ಕೆ ತಕ್ಕ ಗಾಡಿಯೊಂದು ಬೇಕೆಂದು ಅವನು ಎರಡನ್ನು ನೋಡಿಟ್ಟಿದ್ದ. ಎರಡರ ಹೆಸರೂ ಒಂದೇ: ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಒಂದು ಆ ಗಾಡಿ ಮೊದಲು ಮಾರುಕಟ್ಟೆಗೆ ಬಂದ 2016ರದು, ಇನ್ನೊಂದು 2024ರದು. ಹೊಸದರ ಬೆಲೆ ಹಳೆಯದರ ಎರಡರಷ್ಟು. ಮನೆಯಲ್ಲಿ ಒಮ್ಮತವಿರಲಿಲ್ಲ. ತಂದೆಯ ಮತ ಹಳೆಯದಕ್ಕೆ, ತಂಗಿಯ ಮತ ಹೊಸದಕ್ಕೆ. ತಾಯಿ ಎರಡೂ ಬೇಡವೆಂದಿದ್ದರು. “ಹಳೇದು ತಗಳ್ಳಾ, ಹೊಸದು ತಗಳ್ಳಾ, ನೀವಾದ್ರೂ ಹೇಳ್ರಿ ಫಾದರ್” ಎಂದು ಅವನು ಕೇಳಿದಾಗ, ಇದು ಯಂತ್ರದ ಪ್ರಶ್ನೆಯಷ್ಟೇ ಎಂದು ನನಗೆ ಅನ್ನಿಸಲಿಲ್ಲ. ಸೆಮಿನರಿಯಲ್ಲಿ ನೀತಿಶಾಸ್ತ್ರ ಓದುವಾಗ ನಮಗೆ ಕೊಡುತ್ತಿದ್ದ ಉದಾಹರಣೆಗಳಲ್ಲಿ ಕುದುರೆಗಳಿದ್ದವು, ಮನೆಗಳಿದ್ದವು, ಹಡಗಿನಲ್ಲಿ ಬರುವ ಧಾನ್ಯವಿತ್ತು. ಕುದುರೆಯ ಜಾಗದಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿದರೆ ಪ್ರಶ್ನೆ ಬದಲಾಗುವುದಿಲ್ಲ.

ಮೊದಲು ವಸ್ತುವನ್ನೇ ನೋಡೋಣ. ವಸ್ತುವನ್ನು ಅರಿಯದೆ ನೀತಿಯ ಮಾತಾಡುವುದು ನಮ್ಮಂಥವರ ಹಳೆಯ ದೌರ್ಬಲ್ಯ. 2016ರ ಹಿಮಾಲಯನ್‌ಗೆ 411 ಸಿ.ಸಿ.ಯ ಒಂಟಿ ಸಿಲಿಂಡರಿನ ಎಂಜಿನ್; ಗಾಳಿ ಮತ್ತು ಎಣ್ಣೆಯಿಂದ ತಣಿಯುವಂಥದು. ಶಕ್ತಿ ಸುಮಾರು 24.5 ಅಶ್ವಶಕ್ತಿ, ಗೇರು ಐದು, ಪೆಟ್ರೋಲು ಹೋಗುವುದು ಕಾರ್ಬುರೇಟರಿನಿಂದ. 2017ರಲ್ಲಿ ಬಿ.ಎಸ್.-4 ನಿಯಮ ಬಂದಾಗ ಕಾರ್ಬುರೇಟರಿನ ಬದಲು ಫ್ಯೂಯಲ್ ಇಂಜೆಕ್ಷನ್ ಬಂತು, 2018ರಲ್ಲಿ ಎ.ಬಿ.ಎಸ್. ಬ್ರೇಕು ಬಂತು, 2020ರಲ್ಲಿ ಬಿ.ಎಸ್.-6 ಆಯಿತು. 2023ರ ನವೆಂಬರಿನಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಬೇರೆಯೇ ಗಾಡಿ: 452 ಸಿ.ಸಿ., ನೀರಿನಂಥ ದ್ರವದಿಂದ ತಣಿಯುವ ಎಂಜಿನ್, 40 ಅಶ್ವಶಕ್ತಿ, ಆರು ಗೇರು, ಆಕ್ಸಿಲರೇಟರಿಗೆ ಕೇಬಲ್ಲಿನ ಬದಲು ವಿದ್ಯುತ್ ಸಂಕೇತ, ಮುಂದೆ ದಾರಿ ತೋರಿಸುವ ದುಂಡನೆಯ ಪರದೆ. ಟ್ಯಾಂಕು 15 ಲೀಟರಿನಿಂದ 17ಕ್ಕೆ ಏರಿತು. ಸೀಟಿನ ಎತ್ತರ 800 ಮಿಲಿಮೀಟರಿನಿಂದ 825ಕ್ಕೆ ಏರಿತು. ಇಷ್ಟೆಲ್ಲ ಬದಲಾದ ಮೇಲೂ ಹೆಸರು ಮಾತ್ರ ಒಂದೇ.

ಹೆಸರೊಂದೇ ಆದರೆ ವಸ್ತು ಒಂದೇ ಆಗುವುದೇ? ಕರ್ನಾಟಕದವರಾದ ನಮಗೆ ಈ ಪ್ರಶ್ನೆ ಬೇರೊಂದು ಗಾಡಿಯಿಂದ ಪರಿಚಿತ. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಗಿ, ಜೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲ್ ಅಲ್ಲಿ ತಯಾರಾಗತೊಡಗಿತು. 1973ರಿಂದ ಅದರ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಎರಡು ಸೈಲೆನ್ಸರು, 250 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್, ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರೂ, 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಬೇರೊಂದು ಕಂಪನಿಯಿಂದ ಮರಳಿ ಬಂದವು. ಈಗ ಅವು ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ; ಎಂಜಿನ್ ಫೋರ್-ಸ್ಟ್ರೋಕ್, ಹಳೆಯದರ ಒಂದು ಮೊಳೆಯೂ ಹೊಸದಕ್ಕೆ ಕೂಡುವುದಿಲ್ಲ. ಹೆಸರಿನ ಹಕ್ಕಿಗಾಗಿ ಕರ್ನಾಟಕ ಹೈಕೋರ್ಟಿನಲ್ಲಿ ವ್ಯಾಜ್ಯವೂ ನಡೆಯಿತು. ಹಲಗೆ ಹಲಗೆಯಾಗಿ ಬದಲಾಯಿಸಿದ ಥೀಸಿಯಸನ ಹಡಗು ಅದೇ ಹಡಗೇ ಎಂದು ಗ್ರೀಕರು ತಲೆಕೆಡಿಸಿಕೊಂಡಿದ್ದರು. ನಮ್ಮ ಆರ್.ಟಿ.ಓ. ಕಚೇರಿ ಆ ಪ್ರಶ್ನೆಗೆ ಸರಳ ಉತ್ತರ ಕಂಡುಕೊಂಡಿದೆ: ಚಾಸಿ ನಂಬರು ಒಂದೇ ಆಗಿದ್ದರೆ ಗಾಡಿ ಒಂದೇ. ತತ್ತ್ವಜ್ಞಾನಿಗೆ ಇದು ಸಾಲದಿರಬಹುದು. ಕೊಳ್ಳುವವನು ಮಾತ್ರ ಅದನ್ನು ಬಗ್ಗಿ ನೋಡಿ ಆರ್.ಸಿ.ಯೊಂದಿಗೆ ಹೋಲಿಸುವುದು ಒಳಿತು.

ಹೆಸರನ್ನು ನಂಬಿ ಕೊಳ್ಳುವವರು ಎರಡು ಬಗೆ. ಹಳೆಯದೆಲ್ಲ ಗಟ್ಟಿ ಎನ್ನುವವರು ಒಂದು ಕಡೆ, ಹೊಸದೆಲ್ಲ ಉತ್ತಮ ಎನ್ನುವವರು ಇನ್ನೊಂದು ಕಡೆ. ಹಳೆಯದರ ಪಕ್ಷಕ್ಕೆ ನೈತಿಕ ಬಣ್ಣ ಬಳಿಯುವುದು ಸುಲಭ. ಹಳೆಯ ಗಾಡಿಯಲ್ಲಿ ಓಡಾಡುವವನು ಸರಳ, ಹೊಸದನ್ನು ಬಯಸುವವನು ಆಡಂಬರದವನು ಎಂದು ನಾವು ಪ್ರಸಂಗಪೀಠದಿಂದಲೂ ಎಷ್ಟೋ ಸಲ ಸೂಚಿಸುತ್ತೇವೆ. ಇದು ಪೂರ್ಣ ನಿಜವಲ್ಲ. ನಗರಗಳಲ್ಲಿ ಹಳೆಯ ಬುಲೆಟ್ಟನ್ನು, ಹಳೆಯ ರೋಡ್‌ಕಿಂಗನ್ನು ಹೊಳಪು ಕೊಡಿಸಿ ನಿಲ್ಲಿಸಲು ಹೊಸ ಗಾಡಿಯ ಬೆಲೆಯಷ್ಟೇ ಖರ್ಚು ಮಾಡುವವರಿದ್ದಾರೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ಸರಳತೆ ಎಂದು ಕರೆಯಬಾರದು, ಅಷ್ಟೆ. ಲೂಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ, ಹಳೆಯ ದ್ರಾಕ್ಷಾರಸ ಕುಡಿದವನಿಗೆ ಹೊಸದು ಹಿಡಿಸುವುದಿಲ್ಲವೆಂಬ ಮಾತು ಬರುತ್ತದೆ. ಅದನ್ನು ಹಳೆಯದರ ಹೊಗಳಿಕೆ ಎಂದು ಓದುವವರುಂಟು. ಹಿಂದಿನ ವಾಕ್ಯಗಳೊಡನೆ ಓದಿದರೆ, ಅಭ್ಯಾಸವು ಮನುಷ್ಯನ ನಾಲಗೆಯನ್ನು ಹೇಗೆ ಮುಚ್ಚಿಬಿಡುತ್ತದೆ ಎಂಬ ನಿಟ್ಟುಸಿರಿನಂತೆ ಅದು ನನಗೆ ಕೇಳಿಸುತ್ತದೆ.

ಆದರೆ ಹಳೆಯದರ ಪರವಾಗಿ ಒಂದು ಗಟ್ಟಿಯಾದ ವಾದವಿದೆ. ಅದನ್ನು ನನಗೆ ಹೇಳಿದವನು ಗ್ಯಾರೇಜಿನ ಒಬ್ಬ ಮೆಕ್ಯಾನಿಕ್. “ಹಳೇದಕ್ಕ ಕಿವಿ ಸಾಕು ಫಾದರ್, ಹೊಸದಕ್ಕ ಲ್ಯಾಪ್‌ಟಾಪ್ ಬೇಕು.” ಕಾರ್ಬುರೇಟರಿನಲ್ಲಿ ಕಸ ಸಿಕ್ಕಿದರೆ ಅವನು ಬಿಚ್ಚಿ, ಊದಿ, ಅರ್ಧ ಗಂಟೆಯಲ್ಲಿ ಗಾಡಿ ಎಬ್ಬಿಸುತ್ತಾನೆ. ಸೆನ್ಸರು ಕೆಟ್ಟರೆ ಅದು ಕೆಟ್ಟಿದೆ ಎಂದು ತಿಳಿಯುವುದಕ್ಕೇ ಕಂಪನಿಯ ಉಪಕರಣ ಬೇಕು. ಗಾಡಿಯನ್ನು ಟಾಟಾ ಏಸ್‌ಗೆ ಏರಿಸಿ ಸರ್ವಿಸ್ ಸೆಂಟರ್ ಇರುವ ದೊಡ್ಡ ಊರಿಗೆ ಒಯ್ಯಬೇಕು. ಇಲ್ಲಿ ಬದಲಾಗಿರುವುದು ಯಂತ್ರವಷ್ಟೇ ಅಲ್ಲ. ಜ್ಞಾನ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿದೆ. ಹಗರಿಬೊಮ್ಮನಹಳ್ಳಿಯ ರಸ್ತೆಬದಿಯ ಗ್ಯಾರೇಜಿನಲ್ಲಿದ್ದ ವಿದ್ಯೆ ಈಗ ಒಂದು ಪಾಸ್‌ವರ್ಡಿನ ಹಿಂದೆ ಇದೆ. ಹಳೆಯ ಗಾಡಿಯನ್ನು ಆಯ್ದುಕೊಳ್ಳುವವನು ತನಗೆ ಅರಿವಿದ್ದೋ ಇಲ್ಲದೆಯೋ ಆ ಗ್ಯಾರೇಜಿನ ಒಲೆಯನ್ನೂ ಉರಿಸುತ್ತಾನೆ. ಊರಿನ ಆರ್ಥಿಕತೆಯ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ.

ಹಾಗಾದರೆ ಹಳೆಯದೇ ಸರಿಯೇ? ಇಲ್ಲೊಂದು ತೊಡಕಿದೆ. ಸುಗ್ಗಿಯ ಕಾಲದಲ್ಲಿ ಕೊಟ್ಟೂರು, ಹರಪನಹಳ್ಳಿಯ ಕಡೆ ರಾತ್ರಿ ಬೈಕಿನಲ್ಲಿ ಹೋದವರಿಗೆ ಗೊತ್ತು: ಅರ್ಧ ರಸ್ತೆಯಲ್ಲಿ ಮೆಕ್ಕೆಜೋಳ ಒಣಗುತ್ತಿರುತ್ತದೆ, ಅದರ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಹಗಲಾದರೆ ತಿರುವಿನಲ್ಲಿ ಕುರಿಮಂದೆ. ಒಮ್ಮೆಲೇ ಬ್ರೇಕು ಹಿಡಿಯಬೇಕಾದ ಅಂಥ ಕ್ಷಣದಲ್ಲಿ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವುದೇ ಎ.ಬಿ.ಎಸ್. 125 ಸಿ.ಸಿ.ಗಿಂತ ದೊಡ್ಡ ಗಾಡಿಗಳಿಗೆ ಸರಕಾರ ಇದನ್ನು ಕಡ್ಡಾಯ ಮಾಡಿದ್ದು 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲಕ್ಕೂ. 2016ರ ಗಾಡಿಯಲ್ಲಿ ಇದು ಇಲ್ಲ. ಹೊಗೆಯ ಮಾತೂ ಹಾಗೆಯೇ. ಬಿ.ಎಸ್.-3 ಗಾಡಿಗಳನ್ನು 2017ರ ಏಪ್ರಿಲ್ 1ರಿಂದ ಮಾರಬಾರದೆಂದು ಸುಪ್ರೀಂ ಕೋರ್ಟ್ ಅದೇ ಮಾರ್ಚ್ 29ರಂದು ಆದೇಶಿಸಿದಾಗ, ಉಳಿದ ಎರಡು ದಿನಗಳಲ್ಲಿ ಶೋರೂಮುಗಳ ಮುಂದೆ ಜಾತ್ರೆಯೇ ನೆರೆದಿತ್ತು. ಗಾಳಿಯನ್ನು ಹೆಚ್ಚು ಕೆಡಿಸುತ್ತದೆಂದು ನ್ಯಾಯಾಲಯ ನಿಲ್ಲಿಸಿದ ವಸ್ತುವನ್ನು, ನಿಲ್ಲಿಸಿದರೆಂಬ ಕಾರಣಕ್ಕೇ ಅಗ್ಗವಾಗಿ ಸಿಗುತ್ತದೆಂದು ನಾವು ಮುಗಿಬಿದ್ದು ಕೊಂಡೆವು. ಆ ಎರಡು ದಿನಗಳ ಬಗ್ಗೆ ಯಾರೂ ನೀತಿಪಾಠ ಬರೆದದ್ದನ್ನು ನಾನು ಕಂಡಿಲ್ಲ.

ಇನ್ನೊಂದು ವಿಚಿತ್ರ. 2025ರಲ್ಲಿ ದೇಶದ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿ ಮುಟ್ಟಲಾಯಿತು. ಅದಕ್ಕೆಂದೇ ಹೊಂದಿಸಿಲ್ಲದ ಹಳೆಯ ಗಾಡಿಗಳಲ್ಲಿ ಮೈಲೇಜು ಸ್ವಲ್ಪ ಇಳಿಯುತ್ತದೆ, ಕೆಲವು ರಬ್ಬರಿನ ಭಾಗಗಳನ್ನು ಬೇಗ ಬದಲಿಸಬೇಕಾಗಬಹುದು. ಎಥೆನಾಲ್ ತಯಾರಾಗುವುದು ಕಬ್ಬಿನಿಂದ, ಅಕ್ಕಿಯಿಂದ ಮತ್ತು ಮೆಕ್ಕೆಜೋಳದಿಂದ. ಹೊಲದಲ್ಲಿ ಮೆಕ್ಕೆಜೋಳ ಬೆಳೆಯುವ ತಂದೆಗೆ ಅದರಿಂದ ಒಂದು ಗಿರಾಕಿ ಹೆಚ್ಚು. ಹಳೆಯ ಕಾರ್ಬುರೇಟರಿನ ಗಾಡಿ ಓಡಿಸುವ ಮಗನಿಗೆ ಒಂದು ಖರ್ಚು ಹೆಚ್ಚು. ಒಂದೇ ಮನೆಯ ಒಂದೇ ತಟ್ಟೆಯಲ್ಲಿ ಲಾಭವೂ ನಷ್ಟವೂ ಬಂದು ಕೂರುವಾಗ, ಹಳೆಯದು ಒಳ್ಳೆಯದು ಅಥವಾ ಹೊಸದು ಒಳ್ಳೆಯದು ಎಂಬ ಒಂದೇ ಸಾಲಿನ ತೀರ್ಪು ಎಷ್ಟು ಬಡವಾದದ್ದೆಂದು ತಿಳಿಯುತ್ತದೆ.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸುವಾಗ ಅದಕ್ಕೆ ಎಂಟು ಅಂಗಗಳನ್ನು ಹೇಳುತ್ತಾರೆ. ಅವುಗಳಲ್ಲಿ ಮೊದಲನೆಯದು ನೆನಪು. ಇನ್ನೊಂದು, ಬಲ್ಲವರಿಂದ ಕಲಿಯುವ ವಿನಯ. ಮತ್ತೊಂದು, ಸುತ್ತಲಿನ ಸಂದರ್ಭವನ್ನು ನೋಡುವ ಕಣ್ಣು. ಹಳೆಯ ಗಾಡಿಯ ಬಗ್ಗೆ ಊರಿಗೆ ನೆನಪಿದೆ. ಅದು ಎಲ್ಲಿ ಕೆಡುತ್ತದೆ, ಯಾವಾಗ ಕೆಡುತ್ತದೆ ಎಂದು ಹತ್ತು ವರ್ಷ ಓಡಿಸಿದವರಿಂದ ಕೇಳಿ ತಿಳಿಯಬಹುದು. ಹೊಸದರ ಬಗ್ಗೆ ಇರುವುದು ಭರವಸೆ ಮಾತ್ರ. ಅದರ ಹತ್ತನೆಯ ವರ್ಷವನ್ನು ಇನ್ನೂ ಯಾರೂ ನೋಡಿಲ್ಲ. ಗೊತ್ತಿರುವ ದೋಷ ಮತ್ತು ಪರೀಕ್ಷೆಯಾಗದ ಗುಣ, ಇವೆರಡರ ನಡುವೆ ಆರಿಸುವಾಗ ಮನುಷ್ಯ ಸಾಮಾನ್ಯವಾಗಿ ತನ್ನ ಸ್ವಭಾವದಂತೆ ಆರಿಸಿ, ಆಮೇಲೆ ಕಾರಣಗಳನ್ನು ಹುಡುಕುತ್ತಾನೆ. ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: ಗಾಡಿಯ ಗುಣಗಳ ಪಟ್ಟಿಯನ್ನು ಬದಿಗಿಟ್ಟು, ವರ್ಷದ 365 ದಿನಗಳಲ್ಲಿ ನೀನು ಅದನ್ನು ಯಾವ ದಾರಿಯಲ್ಲಿ, ಯಾರನ್ನು ಕೂರಿಸಿಕೊಂಡು ಓಡಿಸುವೆ ಎಂದು ಬರೆದು ನೋಡು. ಅವನು ಬರೆದು ನೋಡಿದ. ಹಿಮಾಲಯಕ್ಕೆ ಹೋಗುವ ದಿನಗಳು ಸೊನ್ನೆ ಇದ್ದವು. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನಗಳು ಹದಿನಾಲ್ಕು ಇದ್ದವು. ಕೊನೆಗೆ ಅವನು ಕೊಂಡದ್ದು ಎರಡನ್ನೂ ಅಲ್ಲ. ಹಳೆಯ 411ರ ಎಂಜಿನ್ನೇ ಇರುವ, ಆದರೆ ಎ.ಬಿ.ಎಸ್. ಸೇರಿದ 2021ರ ಗಾಡಿಯೊಂದು ಸಿಕ್ಕಿತು. ಸೀಟು ತಾಯಿಗೆ ಏರಲು ಇನ್ನೂ ಎತ್ತರವೇ. ಅದಕ್ಕೆ ಪಕ್ಕದಲ್ಲಿ ಮೆಟ್ಟಿಲು ಹಾಕಿಸಿದ್ದಾನೆ.

ಆಯ್ಕೆಯ ಪ್ರಶ್ನೆ ಹೀಗೆ ಬಗೆಹರಿಯಬಹುದು. ಅದಕ್ಕಿಂತ ಕಠಿಣವಾದದ್ದು ಮಾರುವವನ ಪ್ರಶ್ನೆ. ಕೊಳ್ಳುವ ಪ್ರತಿಯೊಬ್ಬನೂ ಒಂದು ದಿನ ಮಾರುವವನೇ ಆಗುವುದರಿಂದ ಇದು ಎಲ್ಲರದೂ ಹೌದು. ನನ್ನ ಗಾಡಿಯ ಒಳಗಿನ ದೋಷ ನನಗೆ ಗೊತ್ತಿದೆ; ಕೊಳ್ಳಲು ಬಂದವನು ಕೇಳಲಿಲ್ಲ. ನಾನು ಹೇಳಬೇಕೇ? ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇಬ್ಬರು ಸ್ಟೋಯಿಕ್ ಗುರುಗಳ ವಾದವನ್ನು ಮುಂದಿಡುತ್ತಾನೆ. ಗುರು ಡಯೋಜಿನೀಸ್ ಹೇಳುವುದು: ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಮೌನವೆಂಬುದು ಮೋಸವಲ್ಲ. ಶಿಷ್ಯ ಆಂಟಿಪೇಟರ್ ಹೇಳುವುದು: ಮನುಷ್ಯರೆಲ್ಲ ಒಂದೇ ಸಮಾಜದವರು, ಒಬ್ಬನಿಗೆ ಗೊತ್ತಿರುವುದನ್ನು ಇನ್ನೊಬ್ಬನಿಂದ ಲಾಭಕ್ಕಾಗಿ ಬಚ್ಚಿಡಲಾಗದು. ಸಿಸೆರೊ ಶಿಷ್ಯನ ಪಕ್ಷ ಹಿಡಿಯುತ್ತಾನೆ. ನಮ್ಮ ಸಂತೆಗಳಲ್ಲಿ ಇಂದಿಗೂ ನಡೆಯುವುದು ಹೆಚ್ಚಾಗಿ ಗುರುವಿನ ಮತವೇ. ನೋಡಿ ತಗೊಂಡಿದ್ದೀಯಲ್ಲ, ಆಮೇಲೆ ಏನು ಕೇಳುತ್ತೀ ಎಂಬುದು ದಲ್ಲಾಳಿಯ ಮೊದಲ ಉತ್ತರ.

ಹದಿಮೂರನೆಯ ಶತಮಾನದಲ್ಲಿ ಅಕ್ವಿನಾಸರು ತಮ್ಮ ಮಹಾಗ್ರಂಥದ ಎರಡನೆಯ ಸಂಪುಟದ ಉತ್ತರಭಾಗದಲ್ಲಿ, 77ನೆಯ ಪ್ರಶ್ನೆಯಾಗಿ ಕೊಡುಕೊಳ್ಳುವಿಕೆಯ ಮೋಸವನ್ನು ವಿಚಾರಿಸಿದ್ದಾರೆ. ಅವರ ವಿವೇಚನೆ ಸಂತೆ ಕಂಡವರ ವಿವೇಚನೆ. ದೋಷ ಕಣ್ಣಿಗೆ ಕಾಣುವಂತಿದ್ದರೆ, ಉದಾಹರಣೆಗೆ ಕುದುರೆಗೆ ಒಂದೇ ಕಣ್ಣಿದ್ದರೆ, ಮತ್ತು ಮಾರುವವನು ಅದಕ್ಕೆ ತಕ್ಕಂತೆ ಬೆಲೆ ಇಳಿಸಿದ್ದರೆ, ಬಾಯಿಬಿಟ್ಟು ಹೇಳುವ ಬಾಧ್ಯತೆ ಇಲ್ಲ. ಹೇಳಿದರೆ ಕೊಳ್ಳುವವನು ನ್ಯಾಯಕ್ಕಿಂತ ಹೆಚ್ಚು ಬೆಲೆ ಇಳಿಸಬಹುದಲ್ಲವೇ? ಆದರೆ ದೋಷ ಮರೆಯಲ್ಲಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ, ಕೇಳಲಿ ಬಿಡಲಿ ಹೇಳಲೇಬೇಕು. ಟ್ಯಾಂಕಿನ ಮೇಲಿನ ಗೀರು, ಹರಿದ ಸೀಟು, ಸವೆದ ಟೈರು, ಇವು ಒಕ್ಕಣ್ಣಿನ ಕುದುರೆಯಂಥವು. ಬಿದ್ದು ಬಾಗಿದ ಫೋರ್ಕನ್ನು ನೆಟ್ಟಗೆ ಮಾಡಿಸಿ ಬಣ್ಣ ಬಳಿಸಿದ್ದು, ಬೆಸುಗೆ ಹಾಕಿಸಿದ ಚಾಸಿ, ಹಿಂದಕ್ಕೆ ತಿರುಗಿಸಿದ ಕಿಲೋಮೀಟರು, ಇವು ಮರೆಯಲ್ಲಿರುವಂಥವು. ಎತ್ತಿನ ಹಲ್ಲನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಬಾಯಿಗೂಡಿದ ಎತ್ತು ಎಂದೂ ಬಾಯಿಗೂಡಿದ ಎತ್ತೇ. ಮೀಟರು ಆ ಪ್ರಾಮಾಣಿಕತೆಯನ್ನು ಕಲಿತಿಲ್ಲ.

ಅದೇ ಜಾಗದಲ್ಲಿ ಅವರು ಇನ್ನೊಂದು ಸೂಕ್ಷ್ಮವನ್ನು ಗುರುತಿಸುತ್ತಾರೆ. ಹಾಗಾದರೆ ಮಾರುವವನು ತನ್ನ ವಸ್ತುವಿನ ದೋಷವನ್ನು ಡಂಗುರ ಹೊಡೆಸಬೇಕೇ? ಬೇಕಿಲ್ಲ. ಡಂಗುರ ಹೊಡೆಸಿದರೆ ವಸ್ತುವಿನ ಒಳ್ಳೆಯ ಗುಣವನ್ನು ನೋಡಲೂ ಯಾರೂ ಬರುವುದಿಲ್ಲ. ಕೊಳ್ಳಲು ಬಂದವನಿಗೆ, ಅವನು ಎದುರಿಗಿರುವಾಗ, ಒಬ್ಬೊಬ್ಬನಿಗೇ ಹೇಳಬೇಕು. ಅವನು ಗುಣದೋಷಗಳನ್ನು ಒಟ್ಟಿಗೆ ತೂಗಿ ನೋಡಲಿ. ಮೊಬೈಲಿನಲ್ಲಿ ಜಾಹೀರಾತು ಹಾಕಿ ಗಾಡಿ ಮಾರುವ ಇಂದಿನವರಿಗೆ ಏಳುನೂರು ವರ್ಷ ಹಿಂದಿನ ಈ ಮಾತಿಗಿಂತ ಹೆಚ್ಚು ಕಾರ್ಯಸಾಧ್ಯವಾದ ಸಲಹೆಯನ್ನು ನಾನು ಓದಿಲ್ಲ. ಜಾಹೀರಾತಿನಲ್ಲಿ ಎಲ್ಲವನ್ನೂ ಬರೆಯಬೇಡಿ. ಟೋಕನ್ ಹಣ ಕೈಗೆ ಬರುವ ಮುನ್ನ ಎಲ್ಲವನ್ನೂ ಹೇಳಿ.

ಮೋಸ ಮಾಡುವವನು ಸದಾ ಮಾರುವವನೇ ಎಂದು ನಾವು ತಿಳಿದಿದ್ದೇವೆ. ಕೊಳ್ಳುವವನೂ ಮೋಸ ಮಾಡಬಲ್ಲ. ಹಳೆಯ ಗಾಡಿಗಳ ವಿಷಯದಲ್ಲಿ ಇದೇ ಹೆಚ್ಚು ನೋವಿನದು. ಹಳ್ಳಿಯ ಮನೆಯೊಂದರ ಹಿತ್ತಲಲ್ಲಿ, ಮೇವಿನ ಬಣವೆಯ ಪಕ್ಕ, ತೀರಿಹೋದ ಯಜಮಾನನ ಹಳೆಯ ಬುಲೆಟ್ಟೋ ರೋಡ್‌ಕಿಂಗೋ ತುಕ್ಕು ಹಿಡಿದು ನಿಂತಿದೆ ಎನ್ನಿ. ಬಲಗಾಲಿನ ಗೇರು, ಎರಕದ ಕಬ್ಬಿಣದ ಎಂಜಿನ್. ಅದರ ಸಂಗ್ರಹಯೋಗ್ಯತೆ ಬಲ್ಲ ನಗರದ ಒಬ್ಬನು ಬಂದು, ಗುಜರಿಯ ತೂಕದ ಬೆಲೆಗೆ ಅದನ್ನು ವಿಧವೆಯಿಂದ ಕೊಂಡು, ಮರುತಿಂಗಳು ಹತ್ತರಷ್ಟು ಬೆಲೆಗೆ ಮಾರುತ್ತಾನೆ. ಆಕೆ ಒಪ್ಪಿ ಕೊಟ್ಟಿದ್ದಾಳೆ, ರಸೀದಿಯೂ ಇದೆ. ಕಾನೂನಿನ ಕಣ್ಣಿಗೆ ಬಹುಶಃ ಎಲ್ಲವೂ ಸರಿ. ಅಕ್ವಿನಾಸರ ಉತ್ತರ ಬೇರೆ. ಮಾರುವವನು ಚಿನ್ನವನ್ನು ಹಿತ್ತಾಳೆಯೆಂದು ತಿಳಿದು ಮಾರುತ್ತಿದ್ದರೆ, ಅದು ಚಿನ್ನವೆಂದು ಬಲ್ಲ ಕೊಳ್ಳುವವನು ಅನ್ಯಾಯವಾಗಿ ಕೊಳ್ಳುತ್ತಾನೆ. ಅವನು ವ್ಯತ್ಯಾಸವನ್ನು ಹಿಂದಿರುಗಿಸಲು ಬದ್ಧನು.

ಶುಭಸಂದೇಶವನ್ನು ಚೆನ್ನಾಗಿ ಓದಿದ ಯಾರಾದರೂ ಇಲ್ಲಿ ನನ್ನನ್ನು ತಡೆದು ಕೇಳಬಹುದು: ಹೊಲದಲ್ಲಿ ಹೂತಿದ್ದ ನಿಧಿಯನ್ನು ಕಂಡವನು ಅದನ್ನು ಮುಚ್ಚಿಟ್ಟು, ಹೋಗಿ ಆ ಹೊಲವನ್ನೇ ಕೊಂಡನೆಂಬ ಸಾಮತಿ ಇದೆಯಲ್ಲ? ಇದೆ. ಆ ಸಾಮತಿ ಹೇಳುವುದು ಎಲ್ಲವನ್ನೂ ಸಂತೋಷದಿಂದ ಮಾರಿಬರುವ ಮನಸ್ಸನ್ನು ಕುರಿತು. ಜಮೀನು ವ್ಯವಹಾರದ ಕೈಪಿಡಿಯಾಗಿ ಅದನ್ನು ಓದುವುದು ಸಲ್ಲದು. ಮೇಲಾಗಿ, ಯಾರೋ ಎಂದೋ ಹೂತಿಟ್ಟು ಒಡೆಯನಿಲ್ಲದ ನಿಧಿಗೂ, ಗಂಡ ಬೆವರು ಸುರಿಸಿ ಕೊಂಡು ಹೆಂಡತಿಗೆ ಬಿಟ್ಟುಹೋದ ಗಾಡಿಗೂ ಅಂತರವಿದೆ. ನಗರದಿಂದ ಬಂದವನಿಗೆ ತನ್ನ ಜಾಣತನಕ್ಕೆ, ಓಡಾಟಕ್ಕೆ, ರಿಪೇರಿಗೆ ಲಾಭ ಸಲ್ಲಬೇಕು. ಅದನ್ನು ಅಕ್ವಿನಾಸರೂ ನಿರಾಕರಿಸುವುದಿಲ್ಲ. ಆದರೆ ಆಕೆಯ ಅಜ್ಞಾನಕ್ಕೆ ಬೆಲೆ ಕಟ್ಟಿ ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳುವ ಹಕ್ಕು ಅವನಿಗೆ ಎಲ್ಲಿಂದ ಬಂತು?

ಇದಕ್ಕೆ ಸಂಬಂಧಿಸಿದ ಇನ್ನೊಂದು ಮಾತೂ ಆ ಪ್ರಶ್ನೆಯಲ್ಲೇ ಇದೆ. ಕೊಳ್ಳುವವನಿಗೆ ವಸ್ತುವಿನ ಅಗತ್ಯ ತೀವ್ರವಾಗಿದೆ ಎಂಬ ಕಾರಣಕ್ಕೆ ಮಾರುವವನು ಬೆಲೆ ಏರಿಸಬಾರದು. ಆ ಅಗತ್ಯ ಮಾರುವವನ ಸ್ವತ್ತಲ್ಲ, ತನ್ನದಲ್ಲದ್ದನ್ನು ಅವನು ಮಾರಲಾರ. ಆದರೆ ಮಾರುವುದರಿಂದ ಮಾರುವವನಿಗೇ ನಷ್ಟವಿದ್ದರೆ, ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು. ಮಗನ ಕಾಲೇಜು ಶುಲ್ಕಕ್ಕೆಂದು ಅರ್ಜೆಂಟಾಗಿ ಗಾಡಿ ಮಾರುವವನ ಬಳಿ ಚೌಕಾಸಿ ಮಾಡುವಾಗಲೂ ಇದನ್ನು ತಿರುಗಿಸಿ ನೆನೆಯಬಹುದು. ಅವನ ಅವಸರವೂ ನಮ್ಮ ಸ್ವತ್ತಲ್ಲ.

ಹಳೆಯದೆಂಬ ಮಾತ್ರಕ್ಕೆ ಒಂದು ವಸ್ತುವಿನ ಮೇಲೆ ಭಾರ ಹೊರಿಸುತ್ತಲೇ ಹೋಗುವುದು ಪ್ರೀತಿಯೂ ಅಲ್ಲ, ಗೌರವವೂ ಅಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ರಥೋತ್ಸವದಲ್ಲಿ, ಸಾವಿರಾರು ಜನರ ನಡುವೆ ರಥವೇ ಉರುಳಿದ್ದು ಈ ಭಾಗದವರ ನೆನಪಿನಿಂದ ಅಳಿದಿಲ್ಲ. ಮರುವರ್ಷ ಹೊಸ ರಥ ಬಂತು. ಭಕ್ತರ ಭಕ್ತಿ ಹಳೆಯ ಮರದೊಂದಿಗೆ ಹೋಗಲಿಲ್ಲ. ಬೇರೆ ಧರ್ಮದವನಾದ ನಾನು ಅದನ್ನು ದೂರದಿಂದ ಗೌರವದಿಂದ ನೋಡಿದವನು; ಹಳೆಯದನ್ನು ಬಿಡುವುದಕ್ಕೂ ಒಂದು ಶ್ರದ್ಧೆ ಬೇಕೆಂದು ಆಗ ಅನ್ನಿಸಿತ್ತು. ಹರಪನಹಳ್ಳಿಯವರಂತೂ ಈ ವಿಷಯದಲ್ಲಿ ನುರಿತವರು: ಬಳ್ಳಾರಿ ಜಿಲ್ಲೆಯಲ್ಲಿದ್ದವರು 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು, ಮನೆ ಬದಲಿಸದೆಯೇ.

ಜಿಲ್ಲೆ ಬದಲಾದಾಗ ಕಾಗದಪತ್ರಗಳನ್ನು ಸರಕಾರ ಬದಲಿಸುತ್ತದೆ; ಗಾಡಿ ಕೈಬದಲಾದಾಗ ನಾವೇ ಬದಲಿಸಬೇಕು. ನಮ್ಮ ಕಡೆ ಗಾಡಿ ಮಾರಿದವರಲ್ಲಿ ಬಹಳ ಮಂದಿ ಇಲ್ಲಿಗೆ ನಿಂತುಬಿಡುತ್ತಾರೆ. ಹಣ ಬಂತು, ಕೀಲಿ ಕೊಟ್ಟಾಯಿತು, ಫಾರಂಗಳಿಗೆ ಸಹಿ ಹಾಕಿ ಖಾಲಿ ಬಿಟ್ಟಾಯಿತು. ಕೊಂಡವನು ಅದನ್ನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಅದೇ ಸಹಿಯ ಮೇಲೆ ದಾಟಿಸುತ್ತಾರೆ. ಹೆಸರು ವರ್ಗಾಯಿಸುವ ಖರ್ಚು ಉಳಿಯಿತೆಂದು ಎಲ್ಲರಿಗೂ ಸಮಾಧಾನ. ಇಂಥದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ದಾಖಲೆಯಲ್ಲಿ ಹೆಸರು ಬದಲಾಗದೆಯೇ ಹಲವು ಕೈ ದಾಟಿದ್ದ ಕಾರೊಂದು 2009ರಲ್ಲಿ ಅಪಘಾತ ಮಾಡಿತು. ಪರಿಹಾರ ಯಾರು ಕೊಡಬೇಕು? 2018ರ ಫೆಬ್ರವರಿಯಲ್ಲಿ ನ್ಯಾಯಾಲಯ ಹೇಳಿದ್ದು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ನೊಂದವರು ಕೈಯಿಂದ ಕೈಗೆ ಹೋದ ಮಾರಾಟಗಳ ಸರಪಳಿಯನ್ನು ಹಿಡಿದು ಅಲೆಯುವಂತೆ ಆಗಬಾರದು. ಇಲ್ಲಿ ಕಾನೂನು ನೀತಿಗಿಂತ ಹಿಂದೆ ಬಿದ್ದಿಲ್ಲ. ಮಾರಿದೆನೆಂದು ನಾನು ತಿಳಿ‌ದ ಗಾಡಿ, ನಾನು ಕಂಡಿರದ ಒಬ್ಬನ ಕೈಯಲ್ಲಿ, ನಾನು ಕಂಡಿರದ ಒಂದು ಮಗುವಿಗೆ ಗುದ್ದಿದರೆ, ಆ ಮಗುವಿನ ಮುಂದೆ ನಿಲ್ಲಬೇಕಾದವನು ನಾನೇ.

ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಅದೇ ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ಕೊಂಡವನು 30 ದಿನಗಳೊಳಗೆ. ಅದಕ್ಕೆ ಬೇಕಾದದ್ದು 29 ಮತ್ತು 30ನೆಯ ನಂಬರಿನ ಫಾರಂಗಳು. ಸಾಲವಿದ್ದ ಗಾಡಿಯಾದರೆ ಸಾಲ ತೀರಿದ್ದಕ್ಕೆ 35ನೆಯದು. ಗಾಡಿಗೆ 15 ವರ್ಷ ತುಂಬಿದ್ದರೆ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. 2016ರಲ್ಲಿ ನೋಂದಣಿಯಾದ ಗಾಡಿಗೆ ಆ ಸರದಿ ಬರುವುದು 2031ರಲ್ಲಿ. ಇನ್ಷೂರೆನ್ಸೂ ಹೊಸ ಹೆಸರಿಗೆ ಬದಲಾಗಬೇಕು. ಮಾರಿದವನೂ ಕೊಂಡವನೂ ಒಂದು ದಿನ ಕೆಲಸ ಬಿಟ್ಟು, ಒಂದೇ ಗಾಡಿಯಲ್ಲಿ ಹೊಸಪೇಟೆಗೆ ಹೋಗಿಬಂದರೆ ಮುಗಿಯುವ ಕೆಲಸವಿದು. ಹೋಗುವಾಗ ಗಾಡಿ ಓಡಿಸುವವನು ಕೊಂಡವನಾಗಿರಲಿ. ಹಿಂದೆ ಕುಳಿತವನಿಗೆ ದಾರಿಯಲ್ಲಿ ಇನ್ನೂ ಏನಾದರೂ ಹೇಳುವುದು ನೆನಪಾಗಬಹುದು.